ಆಕಾಶಕ್ಕೆ ಬೆನ್ನು ಮಾಡಿದ ಲಾಲ್ ಅಹ್ಮದ್

ಬಸವಕಲ್ಯಾಣದ ಲಾಲ್ ಅಹ್ಮದರ ಕಣ್ಣುಗಳು ವರ್ಷಕ್ಕೆ ಒಂದು ಸಂಜೆ ಮಾತ್ರ ರಾಜ್ಯಭಾರ ಮಾಡುತ್ತಿದ್ದವು. ಉಳಿದ ದಿನಗಳಲ್ಲಿ ಅವು ಇಲಿ ಕಡಿದ ಶಾಲು, ಇಸ್ತ್ರಿ ಸುಟ್ಟ ಪ್ಯಾಂಟು, ಮದುವೆಮನೆಯ ಮೊಳೆಗೆ ಸಿಕ್ಕು ಹರಿದ ರೇಷ್ಮೆ ಸೀರೆಗಳ ಚಾಕರಿಯಲ್ಲಿರುತ್ತಿದ್ದವು. ಪೇಟೆಯಲ್ಲಿ ಒಂದು ಮಹಡಿ ಮೆಟ್ಟಿಲಿನ ಕೆಳಗೆ ಅವರ ರಫೂ ಅಂಗಡಿ. ರಫೂ ಎಂದರೆ ತೇಪೆ ಹಾಕುವುದಲ್ಲ. ಬಟ್ಟೆಯ ಅಂಚಿನಿಂದಲೇ ನೂಲು ಎಳೆದು, ಹರಿದ ಜಾಗದಲ್ಲಿ ಸೂಜಿಯಿಂದ ಹೊಸದಾಗಿ ನೇಯ್ದು, ಇಲ್ಲಿ ತೂತೇ ಇರಲಿಲ್ಲ ಎಂದು ಬಟ್ಟೆಯನ್ನೇ ನಂಬಿಸುವ ಕೆಲಸ.

ಆ ಒಂದು ಸಂಜೆ ಎಂದರೆ ರಂಜಾನಿನ ಇಪ್ಪತ್ತೊಂಬತ್ತನೇ ಉಪವಾಸದ ಸಂಜೆ. ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಚಂದ್ರ ಕಂಡರೆ ನಾಳೆ ಹಬ್ಬ, ಕಾಣದಿದ್ದರೆ ಇನ್ನೊಂದು ಉಪವಾಸ. ಕಂಡೆವೆಂದು ಇಬ್ಬರು ನಂಬಿಗಸ್ತರು ಚಾಂದ್ ಕಮಿಟಿಯ ಮುಂದೆ ಸಾಕ್ಷಿ ಹೇಳಬೇಕು. ಮೂವತ್ತೊಂದು ವರ್ಷಗಳಿಂದ ಆ ಇಬ್ಬರಲ್ಲಿ ಮೊದಲನೆಯವರು ಲಾಲ್ ಅಹ್ಮದ್. ಮೂವತ್ತೊಂದು ವರ್ಷಗಳ ಹಿಂದೆ, ಆಕಾಶವೆಲ್ಲ ಮೋಡ ಮುಚ್ಚಿದ್ದ ಒಂದು ಸಂಜೆ, ಮೋಡದಲ್ಲಿ ಸೂಜಿಯ ಕಣ್ಣಿನಷ್ಟು ಕಿಂಡಿ ತೆರೆದು ಮುಚ್ಚಿತ್ತು. ಅಷ್ಟರಲ್ಲೇ ಅವರು ಚಂದ್ರನನ್ನು ಹಿಡಿದಿದ್ದರು. ಮಸೀದಿಯ ಮಾಳಿಗೆಯ ಮೇಲಿದ್ದವರೆಲ್ಲ ನಕ್ಕರು. ಅರ್ಧ ತಾಸಿಗೆ ಬೀದರಿನಿಂದ ಫೋನು ಬಂತು, ಅಲ್ಲಿಯೂ ಕಂಡಿದೆ ಎಂದು. ಅಂದಿನಿಂದ ಲಾಲ್ ಅಹ್ಮದ್ ಮಾಳಿಗೆ ಹತ್ತಿದರೆ ಜನ ಆಕಾಶ ನೋಡುವುದನ್ನು ಬಿಟ್ಟು ಅವರ ಮುಖ ನೋಡುತ್ತಿದ್ದರು. ಅವರು ಕೈ ಎತ್ತಿದರೆ ಸಾಕು, ಇತ್ತ ಹುಲಸೂರಿನವರೆಗೆ, ಅತ್ತ ನಾರಾಯಣಪುರದವರೆಗೆ ಹಬ್ಬದ ಪಾಯಸದ ಹಾಲು ಒಲೆಯ ಮೇಲೆ ಏರುತ್ತಿತ್ತು.

ಇಂಥ ಚಕ್ರವರ್ತಿ ಹೋದ ಎರಡು ವರ್ಷಗಳಿಂದ ಹೆದರಿಕೆಯಲ್ಲಿ ಅರ್ಧ ಕರಗಿದ್ದರು.

ಮೊದಲು ಸೂಜಿಯ ಕಣ್ಣು ಮಾಯವಾಯಿತು. ಆಮೇಲೆ ಎದುರಿನ ಅಂಗಡಿಯ ಬೋರ್ಡಿಗೆ ಮಂಜು ಕವಿಯಿತು. ಒಂದು ಸಂಜೆ ಬೀದಿ ದೀಪ ಎರಡಾಗಿ ಕಂಡಿತು. ನಗರಸಭೆಯವರು ಅಷ್ಟು ಧಾರಾಳಿಗಳಲ್ಲ ಎಂಬುದು ಲಾಲ್ ಅಹ್ಮದರಿಗೆ ಗೊತ್ತಿತ್ತು. ನೂಲು ತರುತ್ತೇನೆಂದು ಹೆಂಡತಿ ಲತೀಫಾಗೆ ಹೇಳಿ, ಗುರುತಿನವರಿಲ್ಲದ ಊರೆಂದು ಹುಮನಾಬಾದಿನ ಬಸ್ಸು ಹತ್ತಿದರು. ಅಲ್ಲಿ ಒಬ್ಬ ಕಣ್ಣಿನ ಡಾಕ್ಟರರ ಬೆಂಚಿನ ಮೇಲೆ ಕರವಸ್ತ್ರದಿಂದ ಮುಖ ಮುಚ್ಚಿಕೊಂಡು ಕೂತರು, ಕಳವಿನ ಮಾಲು ಮಾರಲು ಬಂದವರ ಹಾಗೆ. ಒಳಗೆ ಗೋಡೆಯ ಮೇಲೆ ಸಾಲುಸಾಲಾಗಿ ಕರಿಯ ಉಂಗುರಗಳು. ಪ್ರತಿ ಉಂಗುರಕ್ಕೂ ಒಂದು ಕಡೆ ಬಾಯಿ ತೆರೆದಿರುತ್ತದೆ, ಯಾವ ಕಡೆ ಎಂದು ಹೇಳಬೇಕು. ಲಾಲ್ ಅಹ್ಮದರಿಗೆ ಉಂಗುರಗಳೆಲ್ಲ ಕರಿ ಉಂಡೆಗಳಂತೆ ಕಂಡವು. ಆದರೆ ಅವರು ಸೋಲುವವರಲ್ಲ. ಜೀವಮಾನವೆಲ್ಲ ನೋಡಿದ ಎಳೆಚಂದ್ರನ ಬಾಯಿ ಮೇಲಕ್ಕೇ ಇರುತ್ತದಲ್ಲ ಎಂದು, ಡಾಕ್ಟರು ಬೆರಳಿಟ್ಟ ಪ್ರತಿಯೊಂದಕ್ಕೂ ಗಟ್ಟಿ ಧ್ವನಿಯಲ್ಲಿ ‘ಮೇಲೆ’ ಎಂದರು. ಹದಿನಾಲ್ಕು ಸಲ.

ಎರಡೂ ಕಣ್ಣಿಗೆ ಪೊರೆ ಬಂದು ಹಣ್ಣಾಗಿದೆ, ಒಂದೊಂದಾಗಿ ಆಪರೇಷನ್ ಮಾಡಿಸಿಕೊಳ್ಳಬೇಕು ಎಂದರು ಡಾಕ್ಟರು. ಆಪರೇಷನ್ ಎಂಬ ಮಾತು ಮುಗಿಯುವುದರೊಳಗೆ ಲಾಲ್ ಅಹ್ಮದ್ ಬಸ್ ನಿಲ್ದಾಣದಲ್ಲಿದ್ದರು. ಚಿಟಗುಪ್ಪದ ಅವರ ಸೋದರಮಾವ ಹಿಂದೆ ಹೀಗೇ ಕಣ್ಣು ಕೊಯ್ಯಿಸಿಕೊಂಡು, ಮೂರನೇ ದಿನ ಕುಸ್ತಿ ನೋಡುವ ಆಸೆಗೆ ಪಟ್ಟಿ ತಾವೇ ಕಿತ್ತು, ಕಣ್ಣು ಕಳೆದುಕೊಂಡಿದ್ದರು. ತಪ್ಪು ಕುಸ್ತಿಯದೆಂದು ಲಾಲ್ ಅಹ್ಮದರ ಬುದ್ಧಿಗೆ ಗೊತ್ತಿತ್ತು, ಕಾಲುಗಳಿಗೆ ಗೊತ್ತಿರಲಿಲ್ಲ.

ಲತೀಫಾಗೆ ನಿಜ ಹೇಳದೆ ವಿಧಿಯಿರಲಿಲ್ಲ. ಅಂದಿನಿಂದ ಆಕೆ ದಿನಾ ಬೆಳಿಗ್ಗೆ ಇಪ್ಪತ್ತು ಸೂಜಿಗಳಿಗೆ ಬಣ್ಣಬಣ್ಣದ ನೂಲು ಪೋಣಿಸಿ, ಒಂದು ಉಣ್ಣೆ ತುಂಡಿಗೆ ಚುಚ್ಚಿ ಗಂಡನ ಜೇಬಿಗಿಡುತ್ತಿದ್ದರು. ಇಪ್ಪತ್ತು ಮುಗಿದರೆ ಅಂದಿನ ಅಂಗಡಿ ಬಂದ್. ಗಿರಾಕಿಗಳು ಇದನ್ನು ಕಲಾವಿದನ ಗತ್ತು ಎಂದುಕೊಂಡರು.

ಆದರೆ ಲತೀಫಾಗೂ ಹೇಳದ ಒಂದು ಹೆದರಿಕೆ ಒಳಗಿತ್ತು. ಹೋದ ವರ್ಷ ಮಾಳಿಗೆಯ ಮೇಲೆ ಅವರು ಕೈ ಎತ್ತಿದಾಗ, ಬೆನ್ನಿಗೇ ಮೊಬೈಲ್ ಅಂಗಡಿಯ ಆಸಿಫ್ ಎಂಬ ತರುಣ ತನಗೂ ಕಂಡಿತೆಂದು ಕೂಗಿದ್ದ. ಬೇರೆ ಊರುಗಳಲ್ಲೂ ಕಂಡಿತ್ತು, ಹಬ್ಬ ಸರಿಯಾಗಿಯೇ ಆಯಿತು. ಆದರೆ ತಾನು ಕಂಡದ್ದು ಚಂದ್ರನನ್ನೋ, ಮೂವತ್ತು ವರ್ಷಗಳ ಚಂದ್ರನ ನೆನಪನ್ನೋ ಎಂಬುದು ಲಾಲ್ ಅಹ್ಮದರಿಗೆ ಇಂದಿಗೂ ಗೊತ್ತಿಲ್ಲ. ಈ ವರ್ಷ ಕೈ ಎತ್ತಿ, ಅದು ಸುಳ್ಳಾದರೆ? ಸಾವಿರಾರು ಜನ ಮುರಿದ ಉಪವಾಸವೆಲ್ಲ ಒಂದೇ ಕುತ್ತಿಗೆಯ ಮೇಲೆ. ಅವರ ಕುತ್ತಿಗೆಯೋ, ಬಾಗಿ ಬಾಗಿ ಮೊದಲೇ ಸಣ್ಣಗಾಗಿತ್ತು.

ಈ ವರ್ಷ ರಂಜಾನಿನ ಮೊದಲ ಚಂದ್ರ ಊರಿಗೆ ಊರೇ ನೋಡುವಷ್ಟು ಢಾಳಾಗಿ ಬಂದು ಅವರನ್ನು ಉಳಿಸಿತು. ಮರುದಿನವೇ ಬೇರೊಂದು ದಿಕ್ಕಿನಿಂದ ದಾಳಿ ಆಯಿತು.

ಪಕ್ಕದ ಮನೆಯ ಜಗದೇವಿ ತನ್ನ ಮಗಳು ಶೀತಲಳನ್ನು ಕರೆದುಕೊಂಡು ಬಂದಳು. ಶೀತಲ ಒಂಬತ್ತನೇ ತರಗತಿ. ಅವಳ ವಿಜ್ಞಾನದ ಸರ್ ಭೂಮಿ ಮತ್ತು ಬಾಹ್ಯಾಕಾಶದ ಪಾಠಕ್ಕೆ ಆನ್‌ಲೈನ್ ಹೋಮ್‌ವರ್ಕ್ ಕೊಟ್ಟಿದ್ದರು. ಇಪ್ಪತ್ತೊಂಬತ್ತು ದಿನ ಚಂದ್ರನನ್ನು ನೋಡಿ, ಮೊಬೈಲ್ ಪರದೆಯ ಮೇಲೆ ಬೆರಳಿನಿಂದ ಅದರ ಆಕಾರ ಬಿಡಿಸಬೇಕು. ಕೊಂಬು ಯಾವ ಕಡೆ, ದಿಗಂತದಿಂದ ಎಷ್ಟು ಮುಷ್ಟಿ ಎತ್ತರ, ಪಕ್ಕದಲ್ಲಿ ಏನಿದೆ ಎಂಬುದನ್ನೂ ತುಂಬಬೇಕು. ಮುಷ್ಟಿಯ ಲೆಕ್ಕ ಸುಲಭ: ಕೈ ನೀಳ ಚಾಚಿ, ಒಂದರ ಮೇಲೊಂದು ಮುಷ್ಟಿ ಇಡುತ್ತಾ ಎಣಿಸುವುದು. ಉತ್ತರ ಕಳಿಸಿದ ಕೂಡಲೇ ಸರಿಯಾದರೆ ಹಸಿರು ಗುರುತು, ತಪ್ಪಾದರೆ ಕೆಂಪು. ಒಂದು ವಿಚಿತ್ರ ನಿಯಮವೂ ಇತ್ತು. ನೋಡುವವರು ಮನೆಯ ಅಥವಾ ಓಣಿಯ ಹಿರಿಯರೊಬ್ಬರು, ಬಿಡಿಸುವವರು ವಿದ್ಯಾರ್ಥಿ. ಬಿಡಿಸುವವರು ಆಕಾಶಕ್ಕೆ ಬೆನ್ನು ಮಾಡಿ ಕೂತು, ಪ್ರಶ್ನೆ ಕೇಳಿ ಕೇಳಿ ಬಿಡಿಸಬೇಕು. ಕಂಡದ್ದನ್ನು ಮಾತಿನಲ್ಲಿ ಹೇಳುವುದನ್ನು ಕಲಿಸಲು ಈ ಉಪಾಯವಂತೆ.

‘ಚಂದ್ರ ಅಂದ್ರ ನಿಮ್ಮ ಸ್ವಂತದ್ದು ಇದ್ದಂಗ ಅಲ್ರಿ ಚಾಚಾ,’ ಎಂದಳು ಜಗದೇವಿ. ‘ನಮ್ಮ ಮನ್ಯಾಗ ನೋಡೋರು ಯಾರ್ರಿ? ಇವರಪ್ಪಗ ಎದುರಿಗಿದ್ದ ಚಪ್ಪಲಿ ಕಾಣಂಗಿಲ್ಲ.’

ಲಾಲ್ ಅಹ್ಮದ್ ಹೂಂ ಎಂದರು. ಇಲ್ಲ ಎನ್ನಲು ಕಾರಣ ಬೇಕಿತ್ತು, ಇದ್ದ ಒಂದೇ ಕಾರಣ ಬಾಯಿ ಬಿಡುವಂಥದಾಗಿರಲಿಲ್ಲ.

ಮೊದಲ ಮೂರು ಸಂಜೆ ಯುದ್ಧ ಗೆದ್ದಂತೆ ಆಯಿತು. ರೋಜಾದ ಉಪವಾಸ ಬಿಟ್ಟು, ಖರ್ಜೂರದ ಬೀಜ ಬಾಯಲ್ಲಿಟ್ಟುಕೊಂಡೇ ಅವರು ಮನೆಯ ಮಾಳಿಗೆ ಹತ್ತುವರು. ಶೀತಲ ಅಂಚಿನ ಗೋಡೆಗೆ ಮುಖ ಮಾಡಿ ಕೂತಿರುವಳು. ಎಳೆಚಂದ್ರ ಹೇಗಿರುತ್ತದೆಂದು ಅವರಿಗೆ ಕಣ್ಣೇ ಬೇಕಿರಲಿಲ್ಲ. ದೋಣಿಯ ಹಾಗೆ, ಕೊಂಬು ಮೇಲೆ, ಕೊಂಚ ಎಡಕ್ಕೆ ವಾಲಿದೆ. ಹಸಿರು. ಹಸಿರು. ಹಸಿರು. ಕೊಂಬು ಸೂರ್ಯ ಮುಳುಗಿದ ಕಡೆಗೆ ಎಂದೂ ತಿರುಗುವುದಿಲ್ಲ ಎಂದು ಪರದೆ ಒಂದು ಪಾಠವನ್ನೂ ಹೇಳಿತು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು ಎಂದು ಲಾಲ್ ಅಹ್ಮದ್ ಮೀಸೆಯಿಲ್ಲದ ಮೇಲ್ತುಟಿಯನ್ನೇ ತಿರುವಿದರು.

ನಾಲ್ಕನೇ ದಿನ ಎರಡು ಮುಷ್ಟಿ ಎತ್ತರ ಎಂದರು. ಕೆಂಪು. ಐದನೇ ದಿನ ಅವರಿಗೆ ಆಕಾಶದಲ್ಲಿ ಎರಡು ಚಂದ್ರ ಕಂಡವು, ಒಂದರ ಹೆಗಲ ಮೇಲೆ ಒಂದು. ಯಾವುದು ಅಸಲಿ ಎಂದು ತಿಳಿಯದೆ ಮೇಲಿನದನ್ನು ಆರಿಸಿ ವರ್ಣಿಸಿದರು. ಕೆಂಪು. ಎಂಟನೇ ದಿನ ಪಕ್ಕದಲ್ಲಿ ಏನೂ ಇಲ್ಲ ಎಂದರು. ಕೆಂಪು ಗುರುತು ಬಂದದ್ದೇ ಶೀತಲ ನಿಯಮ ಮುರಿದು ಹಿಂದೆ ತಿರುಗಿದಳು. ಚಂದ್ರನ ಮಗ್ಗುಲಲ್ಲಿ ಗುರುಗ್ರಹ ಹಣತೆಯಂತೆ ಉರಿಯುತ್ತಿತ್ತು.

‘ಅಷ್ಟ ದೊಡ್ಡ ಚುಕ್ಕಿ ಕಾಣವಲ್ದೇನ್ರಿ ಚಾಚಾ?’

‘ಅದು ಚುಕ್ಕಿ ಅಲ್ಲ ಬೇಟಿ. ಟವರಿನ ಲೈಟ್ ಅದ.’

ಹುಡುಗಿ ಅವರ ಮುಖವನ್ನು ನೋಡಿ, ಮತ್ತೆ ಗೋಡೆಯ ಕಡೆ ತಿರುಗಿ ಕೂತಳು. ಲಾಲ್ ಅಹ್ಮದ್ ಲೆಕ್ಕ ಹಾಕತೊಡಗಿದರು. ಈ ಹುಡುಗಿ ತಾಯಿಗೆ ಹೇಳಿದರೆ, ತಾಯಿ ನಳದ ಹತ್ತಿರ ಹೇಳಿದರೆ, ನಳದಿಂದ ಮಸೀದಿಗೆ ಸುದ್ದಿ ಮುಟ್ಟಲು ಎರಡು ಕೊಡ ತುಂಬುವಷ್ಟೂ ಹೊತ್ತು ಬೇಡ. ಕುರುಡನ ಸಾಕ್ಷಿಯ ಮೇಲೆ ಹಬ್ಬ ಮಾಡಿದೆವೇ ಎಂದು ಊರು ಕೇಳಿದರೆ?

ಆಪತ್ತಿನಲ್ಲಿ ಶೂರರಿಗೆ ಆಯುಧ ಸಿಗುತ್ತದೆ. ಲಾಲ್ ಅಹ್ಮದರಿಗೆ ಅದು ಜಗದೇವಿಯ ಅಡುಗೆಮನೆಯ ಗೋಡೆಯಲ್ಲಿ ಸಿಕ್ಕಿತು: ತಿಥಿ, ಹುಣ್ಣಿಮೆ, ಅಮಾವಾಸ್ಯೆ, ಚಂದ್ರನ ಪುಟ್ಟ ಚಿತ್ರಗಳ ಸಮೇತ ದಪ್ಪ ಅಂಕಿಯ ಪಂಚಾಂಗದ ಕ್ಯಾಲೆಂಡರ್. ಮರುದಿನದಿಂದ ಅವರು ಮಧ್ಯಾಹ್ನವೇ ಆ ಮನೆಯ ಬಾಗಿಲಿಗೆ ಹೋಗಿ ಗ್ಯಾಸ್ ಸಿಲಿಂಡರ್ ಯಾವಾಗ ಬಂದಿತ್ತು, ಕ್ಯಾಲೆಂಡರಿನಲ್ಲಿ ನೋಡಬೇಕು ಎನ್ನತೊಡಗಿದರು. ಕ್ಯಾಲೆಂಡರಿಗೆ ಮೂಗು ತಾಗಿಸಿ ನಿಂತು, ದಶಮಿಯೋ ಏಕಾದಶಿಯೋ ನೋಡಿಕೊಂಡು, ಸಂಜೆ ಮಾಳಿಗೆಯ ಮೇಲೆ ಗಂಭೀರವಾಗಿ ಚಂದ್ರನನ್ನು ವರ್ಣಿಸುವರು. ಪಡೆದ ತಿಥಿಗೆ ತಕ್ಕ ಚಂದ್ರ. ಮತ್ತೆ ಹಸಿರು. ಮೂವತ್ತೊಂದು ವರ್ಷ ಊರಿಗೆ ಚಂದ್ರ ತೋರಿಸಿದವರು ನೆರೆಮನೆಯ ಪಂಚಾಂಗದಿಂದ ಚಂದ್ರನನ್ನು ಕದ್ದು ತರುತ್ತಿದ್ದರು. ಇವರು ನಮ್ಮ ಸಿಲಿಂಡರನ್ನು ಯಾಕಿಷ್ಟು ವಿಚಾರಿಸುತ್ತಾರೆ ಎಂದು ಜಗದೇವಿ ಲತೀಫಾರನ್ನು ಕೇಳಿದಳಂತೆ. ವಯಸ್ಸು ಎಂದರಂತೆ ಲತೀಫಾ.

ಹನ್ನೊಂದನೇ ದಿನ ಲಾಲ್ ಅಹ್ಮದ್ ಮಾಳಿಗೆಗೆ ಬರುವಾಗಲೇ ಉತ್ತರ ಸಿದ್ಧವಾಗಿತ್ತು. ಆಕಾಶದ ಕಡೆ ಗೌರವಕ್ಕೊಂದು ಸಲ ಮುಖ ಎತ್ತಿದರು. ಬಹುತೇಕ ದುಂಡಗಿದೆ, ಒಂದು ಪಕ್ಕ ಮಾತ್ರ ಚೂರು ಕಡಿಮೆ, ಬೆಳಕು ಚೊಕ್ಕ ಅದ ಎಂದು ಬಿಡದೆ ಹೇಳಿದರು. ಶೀತಲ ಬಿಡಿಸಿ ಕಳಿಸಿದಳು. ಹಸಿರು ಗುರುತು ಮೂಡಿತು. ಅದೇ ಹಸಿರಿನ ಮೇಲೆ ಟಪ್ಪೆಂದು ಒಂದು ಮಳೆಹನಿ ಬಿತ್ತು.

ಹುಡುಗಿ ಹಿಂದೆ ತಿರುಗಿದಳು. ಆಕಾಶದ ತುಂಬ ಅಕಾಲದ ಕರಿಮೋಡ. ಚಂದ್ರನಿರಲಿ, ಚಂದ್ರ ಇರಬೇಕಾದ ದಿಕ್ಕೂ ಕಾಣುವಂತಿರಲಿಲ್ಲ.

‘ಚಂದ್ರ ಎಲ್ಲಿ ಅದರಿ ಚಾಚಾ?’

ಲಾಲ್ ಅಹ್ಮದ್ ಮೇಲೆ ನೋಡಿದರು. ಅವರಿಗೆ ಎಂದಿನ ಬೂದುಬಣ್ಣವೇ ಕಂಡಿತು. ಇನ್ನೊಂದು ಹನಿ ಅವರ ಮೂಗಿನ ಮೇಲೆ ಬಿತ್ತು, ಸಾಕ್ಷಿ ಹೇಳಿದಂತೆ.

‘ನೀವು ನಮ್ಮ ಮನಿ ಕ್ಯಾಲೆಂಡರ್ ನೋಡಿ ಹೇಳಾಕತ್ತೀರಿ,’ ಎಂದಳು ಶೀತಲ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ‘ಇದು ನೋಡಿದ್ದಲ್ಲರಿ, ಓದಿದ್ದು.’

ಅರವತ್ತೆಂಟು ವರ್ಷದ ಮನುಷ್ಯ ಹದಿನಾಲ್ಕು ವರ್ಷದ ಹುಡುಗಿಯ ಮುಂದೆ, ಮಳೆಯಲ್ಲಿ, ನೀರಿನ ಟಾಕಿಗೆ ಒರಗಿ ಕೂತುಬಿಟ್ಟರು. ಹುಮನಾಬಾದಿನ ಕರಿ ಉಂಗುರ, ಎರಡೆರಡು ದೀಪ, ಹೋದ ವರ್ಷದ ಎತ್ತಿದ ಕೈ, ಎಲ್ಲವನ್ನೂ ಹೇಳಿದರು. ಯಾರಿಗೂ ಹೇಳಬೇಡ ಎಂದು ಕೇಳಿಕೊಂಡರು. ಅವಳು ಸೆರಗಿಲ್ಲದ್ದರಿಂದ ಅಂಗಿಯ ತುದಿಯಲ್ಲಿ ಮೊಬೈಲ್ ಒರೆಸುತ್ತಾ ಕೇಳಿಸಿಕೊಂಡಳು. ಆಮೇಲೆ ಆ ದಿನದ ಉತ್ತರವನ್ನು ಅಳಿಸಿದಳು. ಪರದೆಯ ಕೆಳಗೆ ಮೂರನೆಯ ಒಂದು ಬಟನ್ ಇತ್ತು, ಅವರು ಅದುವರೆಗೆ ಗಮನಿಸಿರಲಿಲ್ಲ: ‘ನೋಡಲಾಗಲಿಲ್ಲ’. ಅದನ್ನು ಒತ್ತಿದಳು. ಹಸಿರೂ ಅಲ್ಲ, ಕೆಂಪೂ ಅಲ್ಲ, ಬೂದು ಗುರುತು ಬಂತು. ಆ ದಿನದ ಅಂಕ ಅಲ್ಲಿಗೆ ಹೋಯಿತು.

‘ಹಸಿರು ಬಂದಿತ್ತಲ್ಲ, ಇರಲಿ ಬಿಡಬೇಕಿತ್ತು,’ ಎಂದರು ಲಾಲ್ ಅಹ್ಮದ್, ಸಣ್ಣ ಧ್ವನಿಯಲ್ಲಿ.

‘ಮೋಡ ಆಕಾಶದಾಗ ಇದ್ರೂ ಅಷ್ಟ, ಕಣ್ಣಾಗ ಇದ್ರೂ ಅಷ್ಟ. ನೋಡಾಕ ಆಗ್ಲಿಲ್ಲ ಅಂದ್ರ ಆಗ್ಲಿಲ್ಲರಿ.’ ಇಳಿಯುವ ಮೊದಲು ಮೆಟ್ಟಿಲ ಬಳಿ ನಿಂತು ಕೇಳಿದಳು. ‘ಇಪ್ಪತ್ತೊಂಬತ್ತನೇ ದಿನ ಏನ್ ಮಾಡ್ತೀರಿ ಚಾಚಾ?’

ಆ ಪ್ರಶ್ನೆ ಲಾಲ್ ಅಹ್ಮದರ ಎದೆಯಲ್ಲಿ ಕೂತು ಹದಿನೆಂಟು ದಿನ ಸುತ್ತಿಗೆ ಬಡಿಯಿತು.

ಹೋಮ್‌ವರ್ಕ್ ಮಾತ್ರ ನಿಲ್ಲಲಿಲ್ಲ. ಶೀತಲ ತನ್ನ ಸರ್‌ಗೆ ಓಣಿಯ ಹಿರಿಯರ ಕಣ್ಣಿಗೆ ತೊಂದರೆ ಎಂದಷ್ಟೇ ಹೇಳಿ, ಪಾತ್ರ ಅದಲುಬದಲು ಮಾಡಿಕೊಳ್ಳುವ ಅಪ್ಪಣೆ ಪಡೆದು ಬಂದಳು. ಈಗ ನೋಡುವವಳು ಅವಳು, ಆಕಾಶಕ್ಕೆ ಬೆನ್ನು ಮಾಡಿ ಬಿಡಿಸುವವರು ಲಾಲ್ ಅಹ್ಮದ್. ಹುಣ್ಣಿಮೆ ಕಳೆದ ಮೇಲೆ ಚಂದ್ರ ಬೆಳಗಿನ ಆಕಾಶಕ್ಕೆ ಹೋದಾಗ, ಅವಳು ಶಾಲೆಗೆ ಹೊರಡುವ ಮುಂಚೆ ಮಾಳಿಗೆಯ ಮೇಲೆ ಕೂಡುವರು. ಅವರ ಕೈಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಚಪ್ಪಟೆ ತುಂಡು, ಎದುರಿಗೆ ಅಂಚಿನ ಗೋಡೆ; ಅಲ್ಲಿ ಬಿಡಿಸಿದ್ದನ್ನು ಶೀತಲ ಪರದೆಗೆ ಇಳಿಸಿಕೊಳ್ಳುವಳು. ಬಿಡಿಸುವವನಿಗೆ ಕಣ್ಣಿಗಿಂತ ಪ್ರಶ್ನೆ ಮುಖ್ಯ ಎಂಬುದು ಅವರಿಗೆ ಬೇಗನೆ ಹತ್ತಿತು. ಹರಿದ ಬಟ್ಟೆ ತಂದವರನ್ನು ನಲವತ್ತು ವರ್ಷ ವಿಚಾರಿಸಿದವರಲ್ಲವೇ, ಮೊಳೆಯೋ ಇಲಿಯೋ ಬೀಡಿಯೋ ಎಂದು? ಕೊಂಬು ಎತ್ತ? ದಪ್ಪ ಹೊಟ್ಟೆ ಎತ್ತ? ಸೂರ್ಯ ಎಲ್ಲಿ? ಎಷ್ಟು ಮುಷ್ಟಿ? ಹುಡುಗಿ ಅಂದಾಜಿನಲ್ಲಿ ಹೇಳಿದರೆ ತಟ್ಟನೆ ಹಿಡಿಯುವರು. ಗೋಡೆಯ ಮೇಲೆ ಸಾಲಾಗಿ ಬಿಳಿ ಚಂದ್ರಗಳು ಸಣ್ಣಗಾಗುತ್ತ ಹೋದವು. ಅವರ ಧೈರ್ಯವೂ ಹಾಗೇ.

ಇಪ್ಪತ್ತೊಂಬತ್ತನೇ ರೋಜಾ ಆ ವರ್ಷ ಯುಗಾದಿಯ ದಿನವೇ ಬಂದಿತ್ತು. ಬೆಳಿಗ್ಗೆ ಜಗದೇವಿ ಮನೆಯಿಂದ ಹೋಳಿಗೆ ಬಂತು. ಸಂಜೆಗೆಂದು ಲತೀಫಾ ಅದನ್ನು ಮುಚ್ಚಿಟ್ಟರು. ಕ್ಯಾಲೆಂಡರಿನಲ್ಲಿ ಚಂದ್ರದರ್ಶನ ಎಂಬ ಅಕ್ಷರ ಮರುದಿನದ ಚೌಕದಲ್ಲಿತ್ತು. ಇಂದು ಚಂದ್ರ ಕಾಣಲಾರದು, ಬೆಳಿಗ್ಗೆಯಷ್ಟೇ ಅಮಾವಾಸ್ಯೆ ಮುಗಿದಿದೆ ಎಂದು ಶೀತಲಳ ಪರದೆಯೂ ಹೇಳಿತ್ತು. ಇಲ್ಲ ಎಂದುಬಿಟ್ಟರೆ ಆಯಿತು ಎಂದು ಲಾಲ್ ಅಹ್ಮದ್ ಬೆಳಗಿನಿಂದ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆದರೆ ಅದೂ ಓದಿದ್ದೇ ಅಲ್ಲವೇ? ಕಮಿಟಿ ಕೇಳುವುದು ಓದಿದ್ದನ್ನಲ್ಲ. ಅಂಗಡಿಯಲ್ಲಿ ಅಂದು ಇಪ್ಪತ್ತು ಸೂಜಿಯಲ್ಲಿ ಒಂದೂ ಖರ್ಚಾಗಲಿಲ್ಲ.

ಸಂಜೆ ಮಸೀದಿಯ ಮಾಳಿಗೆಯ ಮೆಟ್ಟಿಲು ಇಪ್ಪತ್ತಾರು. ಪ್ರತಿ ವರ್ಷ ಸಿಂಹಾಸನ ಏರುವ ಹಾಗೆ ಏರುತ್ತಿದ್ದವರು ಈ ಸಲ ಗೋಡೆ ಹಿಡಿದು, ಗಲ್ಲಿಗೆ ಹೊರಟವರಂತೆ ಏರಿದರು. ಮೇಲೆ ನಲವತ್ತು ಜನ. ಕಮಿಟಿಯ ಹಿರಿಯರಾದ ಏಜಾಜ್ ಸಾಹೇಬರು ಕುರ್ಚಿಯ ಮೇಲೆ, ಕೈಯಲ್ಲಿ ಫೋನು. ಎಲ್ಲರೂ ಸರಿದು ಲಾಲ್ ಅಹ್ಮದರಿಗೆ ಪಡುವಣದ ಮೂಲೆಯಲ್ಲಿ ಎಂದಿನ ಜಾಗ ಬಿಟ್ಟರು.

ಸೂರ್ಯ ಮುಳುಗಿದ. ಖರ್ಜೂರ, ನೀರು, ನಮಾಜು. ಮತ್ತೆ ಎಲ್ಲರ ಮುಖ ಪಡುವಣಕ್ಕೆ. ಆಗ ಆಸಿಫ್ ಕೈ ಚಾಚಿದ. ಅಗೋ ಎಂದ. ಕೆಂಪು ಬಾನಿನಲ್ಲಿ ತೆಳ್ಳಗೆ, ಬಾಗಿದ, ಹೊಳೆಯುವ ಒಂದು ಗೆರೆ. ಇನ್ನೊಬ್ಬರೂ ಹೌದೆಂದರು. ಗುಜುಗುಜು ಎದ್ದಿತು. ಯಾರೋ ಆಗಲೇ ಮನೆಗೆ ಫೋನು ಹಚ್ಚಿ ಹಾಲಿಗೆ ಹೇಳಿದರು. ಏಜಾಜ್ ಸಾಹೇಬರು ಕುರ್ಚಿಯಿಂದ ಎದ್ದು ನೇರವಾಗಿ ಲಾಲ್ ಅಹ್ಮದರ ಮುಂದೆ ಬಂದರು. ಅವರವರಲ್ಲಿ ಮಾತು ದಖನಿ ಉರ್ದುವಿನಲ್ಲೇ ನಡೆಯಿತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

‘ಲಾಲ್ ಭಾಯಿ, ನೀವು ಹೇಳ್ರಿ. ಕಂಡದೋ ಇಲ್ಲೋ?’

ಲಾಲ್ ಅಹ್ಮದ್ ನೋಡಿದರು. ಅವರಿಗೂ ಕಂಡಿತು! ಇದೇ ಅತಿ ದೊಡ್ಡ ಭಯ. ಹೊಳೆಯುವ ಗೆರೆ ಅಲ್ಲಿದೆ, ಒಂದಲ್ಲ ಎರಡು. ಕಣ್ಣು ಹೌದು ಎನ್ನುತ್ತದೆ. ಕ್ಯಾಲೆಂಡರು ಇಲ್ಲ ಎನ್ನುತ್ತದೆ. ಕೈ ಎತ್ತಿದರೆ ನಲವತ್ತು ಮುಖ ಅರಳುತ್ತವೆ, ಮೂವತ್ತೆರಡನೇ ವರ್ಷದ ಕಿರೀಟ ತಲೆಗೇರುತ್ತದೆ. ಇಲ್ಲ ಎಂದರೂ ಮರ್ಯಾದೆ ಉಳಿಯುತ್ತದೆ, ಅದಕ್ಕೂ ಕಣ್ಣಿಗೂ ಸಂಬಂಧವಿಲ್ಲ ಎಂದು ಯಾರಿಗೆ ಗೊತ್ತಾಗಬೇಕು?  ಮೊಣಕಾಲುಗಳು ಒಂದಕ್ಕೊಂದು ಸಲಾಮು ಹೊಡೆಯುತ್ತಿದ್ದವು. ಮೋಡದ ಸಂಜೆಯಲ್ಲಿ ಅಳಿಸಿಹೋದ ಹಸಿರು ಗುರುತು ಕಣ್ಣಿಗೆ ಕಟ್ಟಿತು.

‘ನೋಡಾಕ ಆಗಲಿಲ್ಲ ಸಾಹೇಬ,’ ಎಂದರು. ‘ನನಗ ಎರಡು ಕಾಣಾಕತ್ತಾವ.’

ಏಜಾಜ್ ಸಾಹೇಬರು ಫೋನನ್ನು ಜೇಬಿಗಿಟ್ಟು ಅವರ ಕಡೆ ಬಗ್ಗಿದರು. 

‘ಎರಡು ಅಂದ್ರ?’

‘ಎರಡು ಕಣ್ಣಿಗೂ ಪೊರೆ ಬಂದಾದ. ದೀಪ ನೋಡಿದರ ಎರಡು, ಚಂದ್ರ ನೋಡಿದರ ಎರಡು. ಹೋದ ವರ್ಷನೂ ನನ್ನ ಕೈ ನಂಬಬಾರದಿತ್ತು. ಈ ವರ್ಷ ನನ್ನ ಸಾಕ್ಷಿ ಬರಕೋಬ್ಯಾಡ್ರಿ.’

ಹೇಳಿ ಮುಗಿಸಿದವರು ನೆಲ ಬಾಯಿ ತೆರೆಯುವುದನ್ನು ಕಾದರು. ನೆಲಕ್ಕೆ ಬೇರೆ ಕೆಲಸವಿತ್ತು. ಆಸಿಫ್ ಮಾತ್ರ ಪೆಚ್ಚಾಗಿ, ತನಗೆ ಪೊರೆ ಇಲ್ಲ, ತನಗೆ ಒಂದೇ ಕಂಡಿದೆ, ತನ್ನ ಮಾತಿಗೆ ಬೆಲೆ ಇಲ್ಲವೇ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ.  ಆಗ ಲಾಲ್ ಅಹ್ಮದ್ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದರು. ಪಡುವಣಕ್ಕೆ ಬೆನ್ನು ಮಾಡಿ ಅಂಚಿನ ಗೋಡೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಚಂದ್ರನನ್ನು ನೋಡಲು ಹತ್ತಿದವರು ಚಂದ್ರನಿಗೆ ಬೆನ್ನು ತೋರಿಸಿದ್ದನ್ನು ಕಂಡು ಜನ ತಲೆಯೂ ಕೆಟ್ಟಿತೇನೋ ಎಂದುಕೊಂಡರು.

‘ಆಸಿಫ್, ನೀ ನೋಡಕೋತ ಹೇಳು. ನಾ ಬರೀತೀನಿ. ಕೊಂಬು ಎತ್ತ ಅವ?’

ಆಸಿಫ್ ಕತ್ತು ಓರೆ ಮಾಡಿದ. ಕೆಳಗೆ ಎಂದ.

‘ಕೆಳಗಂದ್ರ ಸೂರ್ಯ ಮುಳುಗಿದ ಕಡೆ?’

ಹೌದು ಎಂದ.

‘ಕೈ ಚಾಚು. ನೆಲದಿಂದ ಎಷ್ಟು ಮುಷ್ಟಿ ಮೇಲದ?’

ಆಸಿಫ್ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಿದ. ನಾಲ್ಕು ಎಂದ. ಜೊತೆಗೆ, ಈಗ ಅದು ಮೊದಲಿಗಿಂತ ಉದ್ದ ಆಗುತ್ತಿದೆ ಎಂದೂ ಸೇರಿಸಿದ, ಪ್ರಾಮಾಣಿಕ ಹುಡುಗ.

ಲಾಲ್ ಅಹ್ಮದ್ ಗೋಡೆಯ ಮೇಲೆ ಬಿಡಿಸಿದ್ದನ್ನು ಎಲ್ಲರೂ ಬಗ್ಗಿ ನೋಡಿದರು. ಮುಖ ಸಿಂಡರಿಸಿದಂತೆ ಬೋರಲು ಬಿದ್ದ ಒಂದು ಗೆರೆ. ಹೊಸ ಚಂದ್ರ ಸೂರ್ಯನ ಬೆನ್ನಿಗೇ ಒಂದು ಮುಷ್ಟಿಯೊಳಗೆ ಇರುತ್ತದೆ, ನಾಲ್ಕು ಮುಷ್ಟಿ ಮೇಲೆ ಹೋಗಿ ಕೂರುವುದಿಲ್ಲ, ಕೊಂಬನ್ನು ಸೂರ್ಯನ ಕಡೆ ಎಂದೂ ತಿರುಗಿಸುವುದಿಲ್ಲ ಎಂದರು. ಅವರು ಹೇಳುತ್ತಿದ್ದಂತೆಯೇ ಮೇಲೆ ಆ ಗೆರೆ ಎಳೆದ ನೂಲಿನಂತೆ ಸಡಿಲಾಗಿ, ನಡುವೆ ತುಂಡಾಗಿ, ಹೊಗೆಯಾಯಿತು. ಹೈದರಾಬಾದಿನ ಕಡೆ ಹೋದ ಯಾವುದೋ ವಿಮಾನ ಬಿಟ್ಟುಹೋದ ಬಾಲ. ಆಸಿಫ್ ತನ್ನ ಮುಷ್ಟಿಗಳನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

ಏಜಾಜ್ ಸಾಹೇಬರು ಬೀದರಿಗೆ ಫೋನು ಮಾಡಿದರು. ಅಲ್ಲಿಯೂ ಕಂಡಿರಲಿಲ್ಲ. ನಾಳೆ ಮೂವತ್ತನೇ ರೋಜಾ ಎಂದು ಮೈಕಿನಲ್ಲಿ ಸಾರಿದರು. ಜನ ಇಳಿಯುವಾಗ ಲಾಲ್ ಅಹ್ಮದರ ಕಡೆ ನೋಡಿಯೂ ನೋಡದವರ ಹಾಗೆ ಹೋದರು. ಏಜಾಜ್ ಸಾಹೇಬರು ಮಾತ್ರ ಅವರ ತೋಳು ಹಿಡಿದು ಇಪ್ಪತ್ತಾರು ಮೆಟ್ಟಿಲನ್ನೂ ಇಳಿಸಿದರು. ಮುಂದಿನ ವರ್ಷ ನೋಡುವ ಕೆಲಸ ಹುಡುಗರು ಮಾಡಲಿ, ವಿಚಾರಿಸುವ ಕೆಲಸ ನಿಮ್ಮದು, ಆದರೆ ಒಂದು ಷರತ್ತು ಎಂದರು. ಷರತ್ತು ಏನೆಂದು ಲಾಲ್ ಅಹ್ಮದರಿಗೆ ಹೇಳದೆಯೇ ತಿಳಿಯಿತು. 

ಹಬ್ಬ ಕಳೆದ ನಾಲ್ಕನೇ ದಿನ ಅವರು ಮತ್ತೆ ಹುಮನಾಬಾದಿನ ಬೆಂಚಿನ ಮೇಲಿದ್ದರು. ಈ ಸಲ ಮುಖದ ಮೇಲೆ ಕರವಸ್ತ್ರವಿರಲಿಲ್ಲ, ಅದು ಬೆವರು ಒರೆಸಿ ಒದ್ದೆಯಾಗಿ ಲತೀಫಾರ ಕೈಯಲ್ಲಿತ್ತು. ಒಳಗೆ ಡಾಕ್ಟರು ಕರಿ ಉಂಗುರಕ್ಕೆ ಬೆರಳಿಟ್ಟು ಬಾಯಿ ಯಾವ ಕಡೆ ಎಂದಾಗ, ಹದಿನಾಲ್ಕಕ್ಕೆ ಹದಿನಾಲ್ಕೂ ಸಲ ‘ನೋಡಲಾಗಲಿಲ್ಲ’ ಎಂದರು. ಬಲಗಣ್ಣಿನ ಆಪರೇಷನ್ ನಡೆದಷ್ಟು ಹೊತ್ತೂ ಅವರು ಓದಿದ ಪ್ರಾರ್ಥನೆಯ ದುಆಗಳನ್ನು ಕೇಳಿ ನರ್ಸಮ್ಮನಿಗೆ ಅರ್ಧ ಬಾಯಿಪಾಠ ಆಯಿತಂತೆ. ರಾತ್ರಿಯೆಲ್ಲ ಲತೀಫಾ ಅವರ ಎರಡೂ ಕೈ ಹಿಡಿದು ಕೂತಿದ್ದರು. ಊರಲ್ಲಿ ಕುಸ್ತಿ ಇರಲಿಲ್ಲ, ಆದರೂ ಆ ವಂಶದ ಮೇಲೆ ಆಕೆಗೆ ನಂಬಿಕೆ ಇರಲಿಲ್ಲ.

ಮರುದಿನ ಪಟ್ಟಿ ಬಿಚ್ಚುವಾಗ ಲಾಲ್ ಅಹ್ಮದ್ ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು. ತೆರೆಯಿರಿ ಎಂದು ಡಾಕ್ಟರು ಮೂರು ಸಲ ಹೇಳಬೇಕಾಯಿತು. ತೆರೆದರು. ಎದುರಿಗೆ ಗೋಡೆ. ಗೋಡೆಯ ಮೇಲೆ ಡಾಕ್ಟರು ಬೆರಳಿಟ್ಟ ಉಂಗುರ. ಬಹಳ ಹೊತ್ತು ಎಣಿಸಿದರು.

‘ಒಂದ ಅದರಿ,’ ಎಂದರು. ‘ಬಾಯಿ ಎಡಕ್ಕ ಅದ.’

ಡಾಕ್ಟರು ಖುಷಿಯಾಗಿ ಬೆನ್ನು ತಟ್ಟಿ, ಎರಡು ತಿಂಗಳು ಬಿಟ್ಟು ಇನ್ನೊಂದು ಕಣ್ಣು ಮಾಡೋಣ ಎಂದರು. ಲಾಲ್ ಅಹ್ಮದರ ಹೊಸ ಕಣ್ಣು ಮೊಟ್ಟಮೊದಲು ಸ್ಪಷ್ಟವಾಗಿ ಕಂಡದ್ದು ತಮ್ಮದೇ ಎರಡು ಮೊಣಕಾಲು ಮತ್ತೆ ನಡುಗತೊಡಗಿದ್ದನ್ನು.